ಒಂಟಿಯಾಗಿ ಉಣ್ಣುವವರು

ಮಧ್ಯಾಹ್ನದ ಗಂಟೆ ಬಾರಿಸಿತೆಂದರೆ ಶಾಲೆಗೆಲ್ಲ ಹಬ್ಬ. ಗುಂಪುಗುಂಪಾಗಿ ಕುಳಿತು ಬುತ್ತಿ ಬಿಚ್ಚುವ ಸಂಭ್ರಮವೇ ಬೇರೆ. ಆದರೆ ಗೋಡೆಯ ಮಗ್ಗುಲಿಗೆ ಒಬ್ಬನೇ ಕುಳಿತು, ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದು ಉಣ್ಣುವ ವಿದ್ಯಾರ್ಥಿಯೂ ಪ್ರತಿ ಶಾಲೆಯಲ್ಲಿ ಇರುತ್ತಾನೆ. ಅವನತ್ತ ನಾವು ಗಮನ ಕೊಡುವುದು ಅಗತ್ಯವಲ್ಲವೇ?

ಎಂಟನೆಯ ಇಯತ್ತೆಯವರೆಗೆ ಸರಕಾರದ ಮಧ್ಯಾಹ್ನದ ಊಟವಿದೆ. 1995ರ ಆಗಸ್ಟ್ 15ರಂದು ಪ್ರಾಥಮಿಕ ಶಾಲೆಗಳಿಗಾಗಿ ಆರಂಭವಾದ ಈ ಯೋಜನೆ, ಸರ್ವೋಚ್ಚ ನ್ಯಾಯಾಲಯದ 2001ರ ಆದೇಶದ ಬಳಿಕ ಬೇಯಿಸಿದ ಊಟದ ರೂಪ ಪಡೆಯಿತು. ಒಂದೇ ಪಾತ್ರೆಯ ಖಿಚಡಿ ಎಲ್ಲರ ತಟ್ಟೆಗೂ ಬೀಳುವಾಗ ಯಾರ ಮನೆಯ ಬಡತನವೂ ಬಯಲಾಗುವುದಿಲ್ಲ. ಒಂಬತ್ತನೆಯ ಇಯತ್ತೆಗೆ ಬಂದೊಡನೆ ಮನೆಯ ಬುತ್ತಿ ಬರುತ್ತದೆ. ಬುತ್ತಿಯೊಡನೆ ಮನೆಯ ಸ್ಥಿತಿಯೂ ಬರುತ್ತದೆ. ಒಣ ರೊಟ್ಟಿ, ಶೇಂಗಾ ಹಿಂಡಿ ತಂದವನು ಪಲ್ಯ, ಚಪಾತಿ ತಂದವರ ಪಕ್ಕದಿಂದ ಮೆಲ್ಲನೆ ದೂರ ಸರಿಯುತ್ತಾನೆ. ಸೋಲಾಪುರದ ಶೇಂಗಾ ಹಿಂಡಿಯನ್ನು ಪರವೂರಿನವರು ಹಣ ಕೊಟ್ಟು ಕಟ್ಟಿಸಿಕೊಂಡು ಹೋಗುತ್ತಾರೆ. ನಮ್ಮ ಹುಡುಗ ಮಾತ್ರ ಅದನ್ನು ಮುಚ್ಚಿಡುತ್ತಾನೆ!

ಮುಂದೆ ಅಕ್ಕಲಕೋಟೆಯ ಹಳ್ಳಿಗಳಿಂದ ಸೋಲಾಪುರದ ಕಾಲೇಜಿಗೆ ಹೋದಾಗ ಇದೇ ಸಂಕೋಚ ಬೇರೆ ವೇಷ ತೊಡುತ್ತದೆ. ಮರಾಠಿ ಮಾತು ತಡವರಿಸುವ ವಿದ್ಯಾರ್ಥಿ ಕ್ಯಾಂಟೀನಿನ ಮೂಲೆಯ ಮೇಜು ಹಿಡಿಯುತ್ತಾನೆ. ಕೈಯಲ್ಲಿ ಮೊಬೈಲು ಹಿಡಿದು ಕಾರ್ಯಮಗ್ನನಂತೆ ತೋರಿಸಿಕೊಳ್ಳುತ್ತಾನೆ. ಆ ಮೊಬೈಲು ಅವನಿಗೆ ಆಟವಲ್ಲ, ಮರೆ.

ಒಂಟಿಯಾಗಿ ಉಣ್ಣುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಏಕಾಂತ ಬಯಸುವವರೂ ಇದ್ದಾರೆ, ಅವರನ್ನು ಕಾಡಬಾರದು. ಏಕಾಂತ ಬಯಸಿದವನು ಸಾಮಾನ್ಯವಾಗಿ ನಿಶ್ಚಿಂತೆಯಿಂದ, ನಿಧಾನವಾಗಿ ಉಣ್ಣುತ್ತಾನೆ. ಒಂಟಿಯಾಗಿ ಉಳಿದವನು ಅತ್ತಿತ್ತ ನೋಡುತ್ತ, ಅವಸರದಿಂದ ಮುಗಿಸಿ ಏಳುತ್ತಾನೆ. ಈ ಭೇದವನ್ನು ಗುರುತಿಸುವ ಕಣ್ಣು ನಮಗಿರಬೇಕು.

ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ಹೆಸರು ಗೊತ್ತಿಲ್ಲದ ಯಾತ್ರಿಕರು ಮಗ್ಗುಲಲ್ಲಿ ಮಗ್ಗುಲು ಕುಳಿತು ಉಣ್ಣುತ್ತಾರೆ. ಸೋಲಾಪುರವು ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಊರು. ದಾಸೋಹವೆಂಬ ಮಾತು ನಮಗೆ ಹೊಸದಲ್ಲ. ಅಪರಿಚಿತರನ್ನು ಪಂಕ್ತಿಯಲ್ಲಿ ಕೂಡಿಸಿಕೊಳ್ಳುವ ನಾಡಿನಲ್ಲಿ, ಒಂದೇ ವರ್ಗದ ಗೆಳೆಯ ಪಂಕ್ತಿಯ ಹೊರಗೆ ಉಳಿಯಬೇಕೇ?

ಇದಕ್ಕೆ ದೊಡ್ಡ ಉಪದೇಶ ಬೇಕಿಲ್ಲ. "ನಿನ್ನ ಹಿಂಡಿ ಸ್ವಲ್ಪ ಕೊಡು" ಎಂದು ಕೇಳಿದರೆ ಸಾಕು. ಕೊಟ್ಟು ಉಪಕಾರ ಮಾಡುವುದಕ್ಕಿಂತ ಕೇಳಿ ಉಣ್ಣುವುದು ಮೇಲು. ಕೇಳಿಸಿಕೊಂಡವನ ತಲೆ ತಾನಾಗಿಯೇ ಮೇಲೇಳುತ್ತದೆ. ಪಾಲಕರಲ್ಲಿಯೂ ನಮ್ಮದೊಂದು ವಿನಂತಿ. ಸಂಜೆ ಮಗ ಮನೆಗೆ ಬಂದಾಗ "ಬುತ್ತಿ ಮುಗಿಸಿದೆಯಾ?" ಎಂದಷ್ಟೇ ಕೇಳದೆ, "ಇಂದು ಯಾರ ಸಂಗಡ ಉಂಡೆ?" ಎಂದೂ ಕೇಳಿರಿ. ಹೊಟ್ಟೆ ತುಂಬಿದ್ದು ಡಬ್ಬಿಯಿಂದ ತಿಳಿದೀತು. ಮನಸ್ಸು ತುಂಬಿದ್ದು ಆ ಪ್ರಶ್ನೆಯಿಂದಲೇ ತಿಳಿಯಬೇಕು.