ಆ ಒಂದು ಕಾಲಂ

"ಅಕ್ಕಾ, ರೂರಲ್ ಅಂತ ಕೇಳ್ತಿದೆ. ಹೌದು ಅಂತ ಹಾಕ್ಲಾ?" ಸಿಇಟಿ ಅರ್ಜಿ ತುಂಬುತ್ತಿದ್ದ ತಮ್ಮ ಊರಿಂದ ಫೋನ್ ಮಾಡಿದಾಗ ಮೀಟಿಂಗ್ ಬಿಟ್ಟು ಹೊರಗೆ ಬಂದೆ.

ನನ್ನ ವರ್ಷ ಸೈಬರ್ ಸೆಂಟರಿನವರು "ಇದೆಲ್ಲ ಬೇಡ ಬಿಡಮ್ಮ" ಅಂತ ಆ ಕಾಲಂ ದಾಟಿಸಿದ್ದರು. ಒಂದರಿಂದ ಹತ್ತರವರೆಗೂ ಹಳ್ಳಿ ಶಾಲೇಲಿ, ಕನ್ನಡದಲ್ಲೇ ಓದಿದವಳು ನಾನು. ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮಕ್ಕೆ 5% ಅನ್ನೋದು ಸೀಟು ಹಂಚಿಕೆ ಮುಗಿದ ಮೇಲೆ ಗೊತ್ತಾಯ್ತು. ಅಪ್ಪ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದರು. ಅದರ ಕಂತು ಹೋದ ವರ್ಷ ತೀರಿತು.

ಹಾಗಾಗಿ ತಮ್ಮನಿಗೆ "ಓದು" ಅಂತ ನಾನು ಹೇಳಲಿಲ್ಲ. ಅದಕ್ಕೆ ಮನೆ ತುಂಬ ಜನ ಇದ್ದಾರೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ ಆಯ್ತಾ, ಬಿಇಒ ಮೇಲುರುಜು ಆಯ್ತಾ ಅಂತ ದಿನಾ ಕೇಳಿದೆ. ನಾಡಕಚೇರಿ ಕೊಟ್ಟ ಜಾತಿ, ಆದಾಯ ಪತ್ರದ ಫೋಟೋ ತರಿಸಿಕೊಂಡು ಆರ್‌ಡಿ ನಂಬರನ್ನು ಒಂದೊಂದೇ ಅಂಕಿ ತಾಳೆ ನೋಡಿದೆ.

ಆಪ್ಷನ್ ಎಂಟ್ರಿ ದಿನ ಜಗಳವೇ ಆಯ್ತು. ತನ್ನ ರ‍್ಯಾಂಕಿಗೆ ಸಿಗೋ ಕಾಲೇಜನ್ನೇ ಮೊದಲು ಹಾಕ್ತೀನಿ ಅಂತ ಅವನು. "ಮೇಲಿಂದ ನೋಡ್ತಾ ಬರ್ತಾರೆ ಕಣೋ, ಸಿಗದಿದ್ರೆ ಕೆಳಗಿನದು ಇದ್ದೇ ಇರುತ್ತೆ. ಇಷ್ಟದ್ದು ಮೇಲೆ ಹಾಕು" ಅಂದೆ. ಪಕ್ಕದಿಂದ ಅಪ್ಪ ಮೆತ್ತಗೆ, "ಫೀಸೂ ನೋಡಮ್ಮ" ಅಂದರು. ಪಟ್ಟಿ ಮತ್ತೆ ಬರೆದೆವು. ಸರ್ಕಾರಿ ಕಾಲೇಜುಗಳು ಮೇಲೆ ಬಂದವು.

ಅಣಕು ಹಂಚಿಕೆ ಇನ್ನೂ ಬರಬೇಕು. ಅದನ್ನು ನೋಡಿ ಕ್ರಮ ಬದಲಿಸಬಹುದು. ಪಾಸ್‌ವರ್ಡ್ ಮಾತ್ರ ಈ ಸಲ ಸೈಬರ್ ಸೆಂಟರಿನವರಿಗೆ ಕೊಟ್ಟಿಲ್ಲ.