ಹಿಮದ ಛಾಯಾಚಿತ್ರಕ್ಕೆ ಸ್ವಭಾವೋಕ್ತಿಯೇ ಭೂಷಣ

ಇದ್ದುದನ್ನು ಇದ್ದಂತೆಯೇ ಚೆಲುವಾಗಿ ಹೇಳುವುದನ್ನು ನಮ್ಮ ಆಲಂಕಾರಿಕರು ಸ್ವಭಾವೋಕ್ತಿ ಎಂದು ಕರೆದರು. ದಂಡಿಯು ಅದನ್ನು ಅಲಂಕಾರಗಳ ಮೊದಲಿಗೇ ಇರಿಸಿದನು. ಲೋಕದ ಮೇರೆಯನ್ನು ಮೀರಿ ಹೇಳುವುದು ಅತಿಶಯೋಕ್ತಿ. ಕಾವ್ಯದಲ್ಲಿ ಎರಡಕ್ಕೂ ಮನ್ನಣೆಯುಂಟು. ಆದರೆ ಹಿಮ ಮುಚ್ಚಿದ ನೆಲದ ಛಾಯಾಚಿತ್ರದಲ್ಲಿ ಸ್ವಭಾವೋಕ್ತಿಗೇ ಅಗ್ರಸ್ಥಾನ ಸಲ್ಲಬೇಕೆಂಬುದು ನನ್ನ ನಮ್ರ ಅಭಿಪ್ರಾಯ.

ಇದಕ್ಕೆ ಕಾರಣವುಂಟು. ನಾವು ಕನ್ನಡ ನಾಡಿನಲ್ಲಿ ಕಂಡಿರುವುದು ಇಬ್ಬನಿಯನ್ನು, ಮಂಜನ್ನು, ಮುಂಗಾರಿಗೆ ಮುನ್ನ ಬೀಳುವ ಆಲಿಕಲ್ಲನ್ನು. ಬದರಿ, ಕೇದಾರಗಳ ಯಾತ್ರೆ ಮಾಡಿದವರನ್ನೂ ಪರದೇಶಗಳಲ್ಲಿ ನೆಲೆಸಿದವರನ್ನೂ ಬಿಟ್ಟರೆ, ನಮ್ಮಲ್ಲಿ ಬಹುಜನರಿಗೆ ಹಿಮದ ಅರಿವು ಚಿತ್ರಗಳಿಂದಲೇ ಬಂದುದು. ಪ್ರತ್ಯಕ್ಷವಿಲ್ಲದೆಡೆ ಆಪ್ತವಾಕ್ಯವೇ ಪ್ರಮಾಣ. ಆಪ್ತನೇ ಉತ್ಪ್ರೇಕ್ಷಿಸಿ ನುಡಿದರೆ ಕೇಳುವವನಿಗೆ ಗತಿಯೇನು?

ಯಂತ್ರವು ಸುಳ್ಳಾಡದು ಎಂದು ಕೆಲವರು ವಾದಿಸಬಹುದು. ಹಿಮದ ಮುಂದೆ ಆ ವಾದ ನಿಲ್ಲಲಾರದು. ಕ್ಯಾಮರಾದ ಬೆಳಕುಮಾಪಕವು ಎದುರಿನ ದೃಶ್ಯವನ್ನು ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ನಡುವಣ ಬೂದುಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಹೊಸ ಹಿಮವಾದರೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟನ್ನೋ ಅದಕ್ಕೂ ಮಿಗಿಲಾಗಿಯೋ ಹಿಂದಿರುಗಿಸುತ್ತದೆ. ಮಾಪಕವು ಬೆಳಕು ಅತಿಯಾಯಿತೆಂದು ತಿಳಿದು ಅದನ್ನು ತಗ್ಗಿಸುವುದರಿಂದ ಹಾಲಿನಂತಹ ಹಿಮ ಚಿತ್ರದಲ್ಲಿ ಬೂದಿಯಂತಾಗುತ್ತದೆ. ಬಲ್ಲವನು ಮಾಪಕ ಸೂಚಿಸಿದುದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತಾನೆ. ಇನ್ನೂ ಹೆಚ್ಚು ಬಿಟ್ಟರೆ ಗಾಳಿ ಎಳೆದ ಗೆರೆಗಳೆಲ್ಲ ಅಳಿದು ಬರಿಯ ಬಿಳಿ ಹಾಳೆ ಉಳಿಯುತ್ತದೆ. ಇನ್ನು ಹಿಮದ ಮೇಲಣ ನೆರಳು ನೀಲಿಯಾಗಿರುವುದು ಮೇಲಿನ ಆಗಸದ ಬೆಳಕಿನಿಂದ. ಅದನ್ನು ದೋಷವೆಂದು ತೊಡೆಯುವವನು ಚಿತ್ರದಿಂದ ಆಗಸವನ್ನೇ ತೊಡೆದಂತೆ. ಇದ್ದಂತೆ ತೋರಿಸುವುದಕ್ಕೂ ವಿವೇಕ ಬೇಕು. ಸ್ವಭಾವೋಕ್ತಿಯು ಸೋಮಾರಿಯ ಅಲಂಕಾರವಲ್ಲ.

ಹಿಂದಿನವರು ಇದಕ್ಕಾಗಿ ಪಟ್ಟ ಪಾಡು ಸಾಮಾನ್ಯವಲ್ಲ. ಇಂಗ್ಲಿಷ್ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಬೋರ್ನ್ 1866ರಲ್ಲಿ ಹಿಮಾಲಯದ ಮನಿರಂಗ್ ಕಣಿವೆದಾರಿಯಲ್ಲಿ, 18,600 ಅಡಿ ಎತ್ತರದಲ್ಲಿ ಚಿತ್ರ ತೆಗೆದನು. ಅಂದಿನ ಕ್ರಮದಲ್ಲಿ ಗಾಜಿನ ಫಲಕಕ್ಕೆ ರಸಾಯನ ಬಳಿದು, ಅದು ಒಣಗುವುದರೊಳಗೆ ಚಿತ್ರ ತೆಗೆದು, ಕತ್ತಲೆಯ ಡೇರೆಯಲ್ಲಿ ತೊಳೆಯಬೇಕಾಗಿತ್ತು. ಇಟಲಿಯ ವಿತ್ತೋರಿಯೊ ಸೆಲ್ಲಾ 1899ರಲ್ಲಿ ಕಾಂಚನಜುಂಗಾದ ಸುತ್ತಲೂ 1909ರಲ್ಲಿ ಕಾರಕೋರಂ ಶ್ರೇಣಿಯ ಕೆ2 ಶಿಖರದ ಬಳಿಯೂ ಸಂಚರಿಸಿ ಹಿಮಶಿಖರಗಳ ಚಿತ್ರ ತಂದನು. ಅವನ ದೊಡ್ಡ ಕ್ಯಾಮರಾದ ಗಾಜಿನ ಫಲಕಗಳು 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದವು. ಆ ಚಿತ್ರಗಳಲ್ಲಿ ಬಂಡೆಯ ಬಿರುಕೂ ಹಿಮದ ಮಡಿಕೆಯೂ ಎಣಿಸುವಷ್ಟು ಸ್ಫುಟವಾಗಿವೆ.

ಈ ಪ್ರಾಮಾಣಿಕತೆಯ ಫಲವು ಮುಂದಣ ತಲೆಮಾರಿಗೆ ಸಲ್ಲುತ್ತದೆ. 1921ರಲ್ಲಿ ಜಾರ್ಜ್ ಮ್ಯಾಲರಿಯು ಎವರೆಸ್ಟಿನ ಉತ್ತರಕ್ಕಿರುವ ರಾಂಗ್‌ಬುಕ್ ಹಿಮನದಿಯ ಚಿತ್ರವೊಂದನ್ನು ತೆಗೆದಿದ್ದನು. 2007ರಲ್ಲಿ ಅಮೆರಿಕದ ಡೇವಿಡ್ ಬ್ರೆಷಿಯರ್ಸ್ ಅದೇ ತಾಣವನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಮಗ್ಗುಲಲ್ಲಿಟ್ಟು ನೋಡಿದರೆ ಹಿಮನದಿ ಎಷ್ಟು ಕುಸಿದಿದೆಯೆಂಬುದು ಅಕ್ಷರ ಬಾರದವನಿಗೂ ತಿಳಿಯುತ್ತದೆ. ಮ್ಯಾಲರಿಯು ಹಿಮವನ್ನು ಅಂದಕ್ಕಾಗಿ ತಿದ್ದಿದ್ದರೆ ಈ ಸಾಕ್ಷ್ಯ ಬಿದ್ದುಹೋಗುತ್ತಿತ್ತು. ಗಂಗೆಯಂತಹ ನದಿಗಳು ಹಿಮನದಿಗಳಿಂದ ಹೊರಡುವುದರಿಂದ, ಅವುಗಳ ದಡದ ಕೋಟ್ಯಂತರ ಜನರಿಗೆ ಇದು ಬದುಕಿನ ಮಾತು.

ಕಲಾವಿದನಿಗೆ ಸ್ವಾತಂತ್ರ್ಯವಿಲ್ಲವೆ ಎಂದು ಸಹೃದಯರು ಕೇಳಬಹುದು. ಅವಶ್ಯವಾಗಿ ಉಂಟು. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಕಾಯಬೇಕು, ಹಿಮದ ಉಬ್ಬುತಗ್ಗುಗಳನ್ನು ಕಾಣಿಸುವ ಓರೆಬಿಸಿಲನ್ನು ಹೇಗೆ ಹಿಡಿಯಬೇಕು, ಇವೆಲ್ಲ ಅವನ ಪ್ರತಿಭೆಗೆ ಬಿಟ್ಟುವು. ಕುಮಾರಸಂಭವದ ಹಿಮವಂತನನ್ನು ಅಲೌಕಿಕವಾಗಿ ಚಿತ್ರಿಸಿದ ಕಾಳಿದಾಸನನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಅವನು ತನ್ನ ಕೃತಿ ಕಾವ್ಯವೆಂದು ಮೊದಲೇ ಒಪ್ಪಿದ್ದಾನೆ. ಛಾಯಾಚಿತ್ರವಾದರೋ 'ನಾನು ಕಂಡುದು ಹೀಗೆ' ಎಂದು ನುಡಿಯುತ್ತದೆ. ಇಲ್ಲದ ಹಿಮವನ್ನು ಸುರಿಸುವುದೂ, ಬೇರೆಡೆಯ ಮೋಡವನ್ನು ತಂದು ಅಂಟಿಸುವುದೂ ಇಂದು ಬೆರಳ ತುದಿಯ ಕೆಲಸವಾಗಿದೆ. ಹಾಗೆ ಮಾಡಿದವರು ಅದನ್ನು ಕಲ್ಪನೆಯೆಂದು ಹೇಳಲಿ; ಆಗ ಆಕ್ಷೇಪವಿಲ್ಲ.

ಶಾಲೆಗಳಿಗೆ ಇದರಿಂದ ಒಂದು ಕರ್ತವ್ಯ ಒದಗುತ್ತದೆ. ಭೂಗೋಳದ ಪಾಠಕ್ಕೆ ಹಿಮದ ಚಿತ್ರ ತೋರಿಸುವ ಉಪಾಧ್ಯಾಯರು, ಅದು ಯಾವ ಸ್ಥಳ, ಯಾವ ವರ್ಷ, ತೆಗೆದವರು ಯಾರು ಎಂಬುದನ್ನು ಮಕ್ಕಳಿಗೆ ತಿಳಿಸಲಿ. ತಿಳಿಯದ ಚಿತ್ರವನ್ನು ಗೋಡೆಗೆ ತೂಗುಹಾಕದಿರಲಿ. ಶೀತದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯಂಗಳದ ಹಿಮವನ್ನು ಒಂದೇ ತಾಣದಿಂದ ವರ್ಷವರ್ಷವೂ ಚಿತ್ರಿಸಿ, ದಿನಾಂಕ ಬರೆದು, ತಿದ್ದದೆ ಕಳುಹಿಸಲಿ. ಹತ್ತು ವರ್ಷಗಳಲ್ಲಿ ಆ ಹತ್ತು ಚಿತ್ರಗಳು, ಹಿಮವನ್ನೇ ಕಾಣದ ನಮ್ಮ ಮಕ್ಕಳಿಗೆ, ಬಣ್ಣದ ಕ್ಯಾಲೆಂಡರಿಗಿಂತ ಮೇಲಾದ ಪಾಠವಾದಾವು.