ಮುಪ್ಪಿನ ಪಾಲನ್ನು ಮೊದಲು ತೆಗೆದಿಡಿರಿ

ಸ್ವಂತ ಕಸುಬಿನಿಂದ ಸಂಸಾರವನ್ನು ಸಾಗಿಸುತ್ತಿರುವ ಬಂಧುಗಳಲ್ಲಿ ನನ್ನದೊಂದು ಕಳಕಳಿಯ ಬಿನ್ನಹವಿದೆ.

ಹೊಲಿಗೆಯಂತ್ರದ ಮುಂದೆ ಬೆನ್ನು ಬಾಗಿಸಿ ಕುಳಿತ ದರ್ಜಿಯಾಗಲಿ, ಉಳಿ ಬಾಚಿಗಳೊಡನೆ ಊರೂರು ತಿರುಗುವ ಬಡಗಿಯಾಗಲಿ, ನಸುಕಿನಲ್ಲಿಯೇ ಹೂವಿನ ಬುಟ್ಟಿಯನ್ನು ಹೊತ್ತು ಬೀದಿಗಿಳಿಯುವ ತಾಯಿಯಾಗಲಿ, ಯಾರ ಹಂಗಿಗೂ ಒಳಗಾಗದೆ ಕೈಯ ದುಡಿಮೆಯನ್ನೇ ನಂಬಿ ಬಾಳುವ ಈ ಸ್ವಾಭಿಮಾನವು ವಂದನೀಯವಾದುದು. ಆದರೆ ಕಾರ್ಖಾನೆಯ ನೌಕರನಿಗೆ 1952ರ ಭವಿಷ್ಯನಿಧಿ ಕಾಯಿದೆಯ ಕಾಲದಿಂದಲೂ ಇರುವ ಆಸರೆಯೊಂದು ಇವರಿಗಿಲ್ಲ. ಅವನ ಸಂಬಳವು ಕೈಸೇರುವ ಮುನ್ನವೇ ಅದರಲ್ಲೊಂದು ಭಾಗವು ಭವಿಷ್ಯನಿಧಿಗೆ ಸಲ್ಲುತ್ತದೆ, ಮಾಲೀಕನೂ ತನ್ನ ಪಾಲನ್ನು ಸೇರಿಸುತ್ತಾನೆ. ಸ್ವಂತ ಕಸುಬಿನವನಾದರೋ ಮಾಲೀಕನೂ ತಾನೇ, ಆಳೂ ತಾನೇ. ಅವನು ಹಿಡಿದಿಡದ ಹಣವನ್ನು ಅವನಿಗಾಗಿ ಹಿಡಿದಿಡುವವರು ಮತ್ತಾರೂ ಇಲ್ಲ.

‘ಅಂಗಡಿಯೇ ನನ್ನ ಪಿಂಚಣಿ’ ಎಂದು ಧೈರ್ಯ ತಾಳುವವರುಂಟು. ದರ್ಜಿಯ ಅಂಗಡಿಯ ಬೆಲೆಯು ದರ್ಜಿಯ ಕಣ್ಣಿನಲ್ಲಿದೆ. ಆ ಕಣ್ಣು ಮಂಜಾದ ದಿನ ಯಂತ್ರವು ಹಳೆಯ ಕಬ್ಬಿಣದ ಬೆಲೆಗೆ ಹೋಗುತ್ತದೆ.

ಉಳಿತಾಯವು ನಮ್ಮ ನಾಡಿಗೆ ಹೊಸತಲ್ಲ. ಟಿ. ಎಂ. ಎ. ಪೈಯವರೂ ಅವರ ಸಂಗಡಿಗರೂ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು 1928ರಲ್ಲಿಯೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವನೂ ಕೂಡಿಡಬಲ್ಲನೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟಿತು. ಆದರೆ ಪಿಗ್ಮಿಯ ಗಂಟು ಅವಧಿ ತುಂಬುತ್ತಲೇ ಮದುವೆಗೋ, ಮನೆಯ ಸೂರಿಗೋ, ಸರಕಿನ ಬಾಕಿಗೋ ಕರಗಿಹೋಗುತ್ತದೆ. ಆದುದರಿಂದ ಅದೇ ನಿತ್ಯನೇಮವನ್ನು, ನಡುವೆ ಸುಲಭವಾಗಿ ಕೈಯಿಕ್ಕಲಾಗದ ಖಾತೆಯೊಂದಕ್ಕೂ ವಿಸ್ತರಿಸಿರೆಂಬುದೇ ನನ್ನ ಪ್ರಾರ್ಥನೆ.

2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ, ಆದಾಯ ತೆರಿಗೆ ಕಟ್ಟದ, 18ರಿಂದ 40 ವರ್ಷದೊಳಗಿನವರು ಬ್ಯಾಂಕಿನಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ಸೇರಬಹುದು. ಅರವತ್ತರ ಬಳಿಕ ತಿಂಗಳಿಗೆ 5,000 ರೂಪಾಯಿ ಪಡೆಯಲು 18ನೆಯ ವಯಸ್ಸಿನಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿ, ಅಂದರೆ ದಿನಕ್ಕೆ ಏಳು ರೂಪಾಯಿ, ಕಟ್ಟಿದರೆ ಸಾಕು. 40ರಲ್ಲಿ ಸೇರಿದವನು 1,454 ರೂಪಾಯಿ ಕಟ್ಟಬೇಕು. ಮೊದಲಿನವನು 42 ವರ್ಷಗಳಲ್ಲಿ ಕಟ್ಟುವುದು ಸುಮಾರು 1,06,000. ಎರಡನೆಯವನು 20 ವರ್ಷಗಳಲ್ಲಿಯೇ ಕಟ್ಟುವುದು ಸುಮಾರು 3,49,000. ಫಲವು ಒಂದೇ, ವಿಳಂಬದ ದಂಡವು ಮೂರು ಪಟ್ಟಿಗೂ ಮಿಗಿಲು! ಚಂದಾದಾರನು ಗತಿಸಿದರೆ ಆ ಪಿಂಚಣಿಯು ಬಾಳಸಂಗಾತಿಗೆ ಸಲ್ಲುತ್ತದೆ.

ಬೆಲೆಗಳು ಏರುತ್ತಿರುವ ಕಾಲದಲ್ಲಿ ಇದೊಂದೇ ಸಾಲದು. ನಲವತ್ತು ದಾಟಿದವರಿಗೆ ಇದು ದೊರೆಯುವುದೂ ಇಲ್ಲ. ಅಂಥವರಿಗೆ ಸಾರ್ವಜನಿಕ ಭವಿಷ್ಯ ನಿಧಿಯುಂಟು. ವರ್ಷಕ್ಕೆ ಕನಿಷ್ಠ 500 ರೂಪಾಯಿ ತುಂಬಿದರೂ ಆ ಖಾತೆಯು ನಡೆಯುತ್ತದೆ. ಅವಧಿ 15 ವರ್ಷ. ವ್ಯಾಪಾರವು ಮುಗ್ಗರಿಸಿ, ಸಾಲ ಕೊಟ್ಟವರು ನ್ಯಾಯಾಲಯದ ಮೆಟ್ಟಿಲೇರಿದರೂ ಅಲ್ಲಿಯ ಹಣವನ್ನು ಜಪ್ತಿ ಮಾಡಿಸಲಾರರು.

ಬಂಧುಗಳೇ, ಸರಕು ಕೊಟ್ಟವನಿಗೆ ನೀವು ಮಾತು ತಪ್ಪುವವರಲ್ಲ, ಬಾಡಿಗೆಯನ್ನು ತಡೆಹಿಡಿಯುವವರಲ್ಲ. ನಿಮ್ಮ ಮುಪ್ಪೂ ನಿಮ್ಮ ಸಾಲಿಗನೇ. ಅದು ಬಾಗಿಲಿಗೆ ಬಂದು ಕೇಳುವುದಿಲ್ಲ, ಅಷ್ಟೆ. ಇಂದು ಸಂಜೆ ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸುವಾಗ ಅದರ ಪಾಲನ್ನು ಮೊದಲು ತೆಗೆದಿಟ್ಟು, ಉಳಿದುದರಲ್ಲಿ ಸಂಸಾರವನ್ನು ನಡೆಸಿರಿ.